ಬಾಣಂತಿ ನೀರಿನ ಕಾವಲು

ಮೊದಲೆಲ್ಲ ಗೀಸರಿಗೆ ಇಬ್ಬರೇ ಕಾವಲುಗಾರರು. ನೀರು ಬೇಕಾದಷ್ಟು ಕಾದ ಮೇಲೆ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಒಬ್ಬ. ಅವನು ಕೈಕೊಟ್ಟರೆ ಸಂಪರ್ಕವನ್ನೇ ಕಡಿದುಹಾಕುವ ಕಟ್‌ಔಟ್ ಇನ್ನೊಬ್ಬ. ಈ ಎರಡನೆಯವನ ಮೇಲೊಂದು ಕೆಂಪು ಗುಂಡಿ. ಅದನ್ನು ಒತ್ತಿದರೆ ಗೀಸರ್ ಮತ್ತೆ ಶುರು. ನಮ್ಮ ಜನ ಆ ಗುಂಡಿಗೆ ಬೆಂಕಿಕಡ್ಡಿ ತುರುಕಿ, ಮೇಲೆ ಟೇಪು ಸುತ್ತಿ, ಕಾವಲುಗಾರನನ್ನೇ ಕಟ್ಟಿಹಾಕಿ ನಿಶ್ಚಿಂತೆಯಿಂದ ಸ್ನಾನ ಮಾಡಿದವರು. ಸುಟ್ಟುಕೊಂಡವರೂ ಇದ್ದರು. ಅವರಲ್ಲಿ ಮಕ್ಕಳು ಹೆಚ್ಚು ಎನ್ನುವುದು ಮಾತ್ರ ಯಾರಿಗೂ ಸಹಿಸಲಾಗದ ಮಾತಾಗಿತ್ತು.

ಮೂರನೆಯ ಕಾವಲುಗಾರ ಬಂದದ್ದು ಆಗ. ಬಿಸಿಧಾರೆ ಎಂಬ ಕಂಪನಿಯವರು ಅದಕ್ಕೆ ‘ಕಾವಲು’ ಎಂದೇ ಹೆಸರಿಟ್ಟರು. ಇದು ನೀರಿನ ಬಿಸಿಯನ್ನು ನೋಡುವುದಿಲ್ಲ, ನೀರು ಮುಟ್ಟಿದವರ ಎದೆಯನ್ನು ನೋಡುತ್ತದೆ. ಹೃದಯ ಬಡಿಯುವಾಗ ಮೈಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತು ಕೈಯಿಂದ ನೀರಿಗಿಳಿದು, ಧಾರೆಯನ್ನು ಹಿಡಿದು ನಲ್ಲಿಯವರೆಗೂ ಏರುತ್ತದೆ. ನಲ್ಲಿಯ ಬಾಯಲ್ಲಿ ಕೂತ ಕಾವಲು ಅದನ್ನು ಓದಿ, ಈ ಮನುಷ್ಯ ಎಷ್ಟು ಹೆದರಿದ್ದಾನೆ ಎಂದು ಸೊನ್ನೆಯಿಂದ ನೂರರೊಳಗೆ ಅಂಕ ಹಾಕುತ್ತದೆ. ನೂರು ಮುಟ್ಟಿತೋ, ಗೀಸರ್ ಬಂದ್. ಸುಡುನೀರು ತಾಗಿದ ಮಗು ಕಿರುಚುವುದಕ್ಕೆ ಅರ್ಧ ಸೆಕೆಂಡು ಮೊದಲೇ ಅದರ ಎದೆ ಹಾರುತ್ತದಂತೆ. ಆ ಅರ್ಧ ಸೆಕೆಂಡಿಗಾಗಿ ಇಷ್ಟೆಲ್ಲ. ತಿಪಟೂರಿನಲ್ಲಂತೂ ಬೋರ್‌ವೆಲ್ಲಿನ ಗಡಸು ನೀರು. ಲವಣ ಹೆಚ್ಚಿದ್ದಷ್ಟೂ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಅಲ್ಲಿ ಕಾವಲಿನ ಕಿವಿ ಬಹಳ ಚುರುಕು.

ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳಲ್ಲಿ ಮಕ್ಕಳು ಗಣಿತ ನೆನೆದುಕೊಂಡು ಬಕೆಟ್ಟಿಗೆ ಕೈ ಹಾಕಿ, ಅರ್ಧ ಊರು ಉಗುರುಬೆಚ್ಚಗಿನ ನೀರಲ್ಲಿ ಮಿಂದಿತು. ತನ್ನ ಗಂಡ ಸ್ನಾನ ಮಾಡುವಾಗ ಹೊರಗೆ ಫೋನು ರಿಂಗಾದೊಡನೆ ಗೀಸರ್ ನಿಂತಿತೆಂದೂ, ಆ ಹೊತ್ತಿನಲ್ಲಿ ಅವರಿಗೆ ಎಷ್ಟು ಅಂಕ ಬಂದಿತ್ತು ತಿಳಿಸಬೇಕೆಂದೂ ಒಬ್ಬ ಹೆಂಗಸು ಕಂಪನಿಗೆ ಬರೆದಳು. ಅಂಥ ವಿವರ ಕೊಡಲಾಗದೆಂದು ಕಂಪನಿ ವಿನಯದಿಂದ ಉತ್ತರಿಸಿತು. ಆ ವಿನಯದಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

ಆದರೆ ಒಂದು ನಿಯಮ ಮಾತ್ರ ತಮಾಷೆಯದಾಗಿರಲಿಲ್ಲ. ಒಂದೇ ನಾಡಿ ಒಂದೇ ಮನೆಯಲ್ಲಿ ಏಳು ಸಲ ನೂರು ಮುಟ್ಟಿದರೆ, ಯಾರನ್ನೋ ಬಲವಂತವಾಗಿ ಸುಡುನೀರಿಗೆ ಒಡ್ಡುತ್ತಿದ್ದಾರೆಂದು ಕಾವಲು ತೀರ್ಮಾನಿಸುತ್ತದೆ. ಆ ನಾಡಿಯ ಗುರುತು ಸುತ್ತಲ ಊರುಗಳ ಗೀಸರುಗಳಿಗೆಲ್ಲ ಹೋಗುತ್ತದೆ. ಆಮೇಲೆ ಆ ಕೈ ಯಾರ ಮನೆಯ ನೀರು ಮುಟ್ಟಿದರೂ ಬರುವುದು ತಣ್ಣೀರೇ. ಆ ಗುರುತು ತೆಗೆಸಲು ಡಾಕ್ಟರ ಪತ್ರ, ಮೂರು ಅರ್ಜಿ, ಒಂದು ವರ್ಷ ಬೇಕು. ಏಳನೆಯದು ಆಗುವ ಮುನ್ನ ಕಂಪನಿಯವರೊಬ್ಬರು ಮನೆಗೆ ಹೋಗಿ ಕಣ್ಣಾರೆ ನೋಡಬೇಕು ಎನ್ನುವುದಷ್ಟೇ ಕರುಣೆಯ ಕಲಮು.

ತುಮಕೂರಿನ ನಿಗಾ ಕೋಣೆಯಲ್ಲಿ ಸಿಂಚನಾ ಒಂಬತ್ತು ವರ್ಷದಿಂದ ಪರದೆ ನೋಡುತ್ತಿದ್ದಳು. ಅಂದು ಅವಳ ಮುಂದೆ ಮಿನುಗುತ್ತಿದ್ದದ್ದು ತಿಪಟೂರಿನ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಮನೆ. ಹೆರಿಗೆಗೆಂದು ಮಗಳು ಧೃತಿ ತವರಿಗೆ ಬಂದಿದ್ದಳು, ಹೆಣ್ಣುಮಗುವಾಗಿತ್ತು. ಬಾಣಂತಿ ಸ್ನಾನ ಶುರುವಾಗಿ ಆರು ದಿನ. ಆರೂ ದಿನ ಬೆಳಿಗ್ಗೆ ಹತ್ತೂವರೆ ಹನ್ನೊಂದರ ನಡುವೆ ಗೀಸರ್ ಬಂದ್. ಆರೂ ಸಲ ಅದೇ ನಾಡಿ.

ಆಗಲೇ ಮೂವರು ಮೆಕ್ಯಾನಿಕ್ಕುಗಳು ಹೋಗಿ ಬಂದಿದ್ದರು. ಮೊದಲನೆಯವನು ಥರ್ಮೋಸ್ಟಾಟ್ ಬದಲಿಸಿದ. ಎರಡನೆಯವನು ಟ್ಯಾಂಕು ಬಿಚ್ಚಿ ಅರ್ಧ ಬಕೆಟ್ ಸುಣ್ಣದಂಥ ಗಸಿ ಕೆರೆದು ತೆಗೆದ. ಮೂರನೆಯವನು ವೈರು, ಅರ್ಥಿಂಗು, ನಲ್ಲಿಯ ಸಂವೇದಕ ಎಲ್ಲ ಪರೀಕ್ಷಿಸಿ, ಮೂರು ಸಲ ಕಾಫಿ ಕುಡಿದು, ಎಲ್ಲ ಸರಿಯಿದೆ ಎಂದು ಬರೆದ. ಮೂವರೂ ಹೋದದ್ದು ಮಧ್ಯಾಹ್ನದ ಮೇಲೆ. ಮೂವರ ಎದುರಿಗೂ ಗೀಸರ್ ಸೊಂಪಾಗಿ ಕೆಲಸ ಮಾಡಿತು. ಕೆಡುವುದು ಬಾಣಂತಿ ಸ್ನಾನದ ಹೊತ್ತಿನಲ್ಲಿ ಮಾತ್ರ, ಮತ್ತು ಆ ಹೊತ್ತಿನಲ್ಲಿ ಬಚ್ಚಲುಮನೆಯ ಹತ್ತಿರ ಗಂಡಸಿನ ನೆರಳೂ ಸುಳಿಯುವಂತಿಲ್ಲ. ರೋಗ ಯಾವಾಗ ಬರುತ್ತದೋ ಆಗ ವೈದ್ಯನಿಗೆ ಬಾಗಿಲು ಹಾಕಿದರೆ ಮದ್ದು ಸಿಗುವುದು ಹೇಗೆ.

ನಿಗಾ ಕೋಣೆಯ ಮುಖ್ಯಸ್ಥರಾದ ಮರುಳಸಿದ್ದಯ್ಯನವರಿಗೆ ಅನುಮಾನವೇ ಇರಲಿಲ್ಲ. ಮೊದಲ ಹೆರಿಗೆ, ಎಳೆ ಹುಡುಗಿ, ಕುದಿವ ನೀರು ಕಂಡು ಹೆದರುತ್ತಿದ್ದಾಳೆ ಎಂದರು. ನಾಡಿ ಸ್ವಲ್ಪ ತಪ್ಪಿ ತಪ್ಪಿ ಬಡಿಯುತ್ತಿದೆಯಲ್ಲ ಎಂದು ಸಿಂಚನಾ ತೋರಿಸಿದರೆ, ಬಾಣಂತಿಯ ನಿಶ್ಶಕ್ತಿ ಎಂದು ಅದಕ್ಕೂ ಸಮಾಧಾನ ಹೇಳಿದರು. ಅವರು ಮದುವೆಯಾದವರೇ, ಎರಡು ಮಕ್ಕಳ ತಂದೆಯೇ. ಆದರೆ ಬಾಣಂತಿಗೆ ನೀರು ಹಾಕುವುದನ್ನು ಮಾತ್ರ ಹೊಗೆ ಮತ್ತು ಸೀಗೆಪುಡಿಯ ವಾಸನೆಯ ಮೂಲಕವಷ್ಟೇ ಬಲ್ಲವರು.

ಮನೆಮನೆಗೆ ಹೋಗುವ ಕೆಲಸ ಕೊಡಿ ಎಂದು ಸಿಂಚನಾ ವರ್ಷಕ್ಕೊಮ್ಮೆ ಅರ್ಜಿ ಹಾಕುತ್ತಿದ್ದಳು. ಹೆಣ್ಣುಮಕ್ಕಳು ಏಣಿ ಹತ್ತುವುದು ಕಷ್ಟ ಎಂದು ವರ್ಷಕ್ಕೊಮ್ಮೆ ಉತ್ತರ ಬರುತ್ತಿತ್ತು. ಈಗ ಇದ್ದಕ್ಕಿದ್ದಂತೆ ಏಣಿಯ ಕಷ್ಟ ಎಲ್ಲರಿಗೂ ಮರೆತುಹೋಯಿತು.

“ನೀನೇ ಹೋಗಮ್ಮ. ಫಾರಂನಲ್ಲಿ ಎರಡೇ ಕಲಮು ಇರೋದು. ಒಂದೋ ಯಂತ್ರದ ದೋಷ ಅಂತ ಬರಿ, ಇಲ್ಲಾ ಹೆದರಿದವರ ಹೆಸರು ಬರಿ,” ಎಂದು ಮರುಳಸಿದ್ದಯ್ಯ ಚೀಲ ಎತ್ತಿಕೊಟ್ಟರು.

ಮಾರನೆಯ ದಿನ ಅವಳು ಷಡಕ್ಷರಪ್ಪನವರ ಮನೆ ಮುಟ್ಟಿದಾಗ ಯಜಮಾನರು ಒಂದು ತುಂಡು ವೈರು ಹಿಡಿದು ಅಂಗಳದಲ್ಲೇ ಕಾಯುತ್ತಿದ್ದರು. ಕಾವಲಿನ ಎರಡು ತುದಿಗೆ ಈ ವೈರು ಸೇರಿಸಿಬಿಟ್ಟರೆ ಅದರ ಬಾಯಿ ಮುಚ್ಚುತ್ತದೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ, ಕಂಪನಿಯವರೇ ಕೈಯಾರೆ ಮಾಡಿದರೆ ಸೀಲು ಒಡೆದ ಪಾಪ ತಮಗೆ ಬರುವುದಿಲ್ಲ ಎಂಬುದು ಅವರ ವಾದ. ಸಿಂಚನಾ ವೈರು ಇಸಿದುಕೊಂಡು ತನ್ನ ಚೀಲದೊಳಗೆ ಹಾಕಿಕೊಂಡಳು. ಅದೇ ಒಪ್ಪಿಗೆ ಎಂದುಕೊಂಡು ಅವರು ಸಂತೋಷದಿಂದ ಮಂಡಿಗೆ ಹೊರಟರು.

ಒಳಗೆ ಅವರ ಹೆಂಡತಿ ಇಂದುಮತಿಯ ಸಂಕಟವೇ ಬೇರೆ. ಆರು ದಿನದಿಂದ ಬಾಣಂತಿಗೆ ಅರ್ಧಂಬರ್ಧ ನೀರಾಗಿದೆ. ಸೊಂಟಕ್ಕೆ ಬಿಸಿನೀರು ಬೀಳದಿದ್ದರೆ ಮುಂದೆ ಮಗಳು ಜೀವನಪರ್ಯಂತ ಸೊಂಟ ಹಿಡಿದುಕೊಂಡು ಓಡಾಡಬೇಕು. ಅದೂ ಸಾಲದೆ ಏಳನೆಯ ಸಲವೂ ಹೀಗೇ ಆಗಿ ಕೈಗೆ ಗುರುತು ಬಿದ್ದರೆ, ಗಂಡನ ಮನೆಯಲ್ಲೂ ತಣ್ಣೀರೇ ಗತಿ. ಇಂದುಮತಿ ಮಗಳನ್ನು ಬೈಯುತ್ತಿದ್ದರು, ಪುಸಲಾಯಿಸುತ್ತಿದ್ದರು, ನಡುನಡುವೆ ದೇವರಿಗೆ ಕೈಮುಗಿಯುತ್ತಿದ್ದರು. ಧೃತಿಯಾದರೋ ತನಗೆ ಹೆದರಿಕೆಯೇ ಇಲ್ಲ, ಇನ್ನೂ ಬಿಸಿ ಬೇಕೆಂದು ಮೊದಲ ದಿನದಿಂದ ಹೇಳುತ್ತಲೇ ಇದ್ದಳು. ಆದರೆ ಯಂತ್ರವೇ ನೂರು ಅಂಕ ಕೊಟ್ಟಿರುವಾಗ ಅವಳ ಮಾತು ಯಾರು ಕೇಳುತ್ತಾರೆ.

“ನಮ್ಮ ಸಿದ್ದಗಂಗಮ್ಮನೋರ ಕೈಗುಣ ಅಂಥದ್ದು, ಅವರ ಕೈ ಕೆಳಗೆ ಕೂತೂ ಇವಳು ಹೆದರ್ತಾಳಲ್ಲಮ್ಮ,” ಎಂದು ಇಂದುಮತಿ ಸಿಂಚನಾಳ ಹತ್ತಿರ ಕಣ್ಣೀರು ಹಾಕಿದರು. “ಧೃತಿ ಹುಟ್ಟಿದಾಗ ನನಗೂ ಅವರೇ ನೀರು ಹಾಕಿದ್ದು. ಕೈ ಅದ್ದಿದರೆ ಸಾಕು, ಇಂಥವಳ ಮೈಗೆ ಇಷ್ಟೇ ಬಿಸಿ ಅಂತ ಅವರಿಗೆ ತಿಳಿಯೋದು.”

ಅಷ್ಟರಲ್ಲಿ ಸಿದ್ದಗಂಗಮ್ಮನೇ ಬಂದಳು. ಎಪ್ಪತ್ತೈದು ದಾಟಿದ ಗಟ್ಟಿ ಮುದುಕಿ, ಸೊಂಟಕ್ಕೆ ಬಿಗಿದ ಸೆರಗು, ಮಂತ್ರಿ ಬಂದಂಥ ನಡಿಗೆ. ತಿಪಟೂರಿನ ಅರ್ಧ ಜನ ಹುಟ್ಟಿದ ಮೇಲೆ ಮೊದಲು ಮಲಗಿದ್ದು ಅವಳ ನೀಳ ಚಾಚಿದ ಕಾಲ ಮೇಲೆ. ಈಗ ಶಾಸಕರಾದವರ ಮೂಗನ್ನು ತಿದ್ದಿ ತೀಡಿದ್ದು ತಾನೇ ಎಂದು ಹೇಳಿಕೊಳ್ಳುತ್ತಿದ್ದಳು. ಇನ್ನಷ್ಟು ತೀಡಬೇಕಿತ್ತು ಎಂದು ಊರವರು ನಗುತ್ತಿದ್ದರು. ಗಂಡ ಸತ್ತ ಮೇಲೆ, ಮಕ್ಕಳಿಲ್ಲದ ಆ ಹೆಂಗಸಿಗೆ ಈ ಕೆಲಸವೇ ಅನ್ನ, ಈ ಕೆಲಸವೇ ಮರ್ಯಾದೆ. ಸಿಂಚನಾಳನ್ನು ಮೇಲಿಂದ ಕೆಳಗೆ ನೋಡಿ, ನಿನಗೆ ಯಾರು ನೀರು ಹಾಕಿದ್ದು ಎಂದು ಕೇಳಿದಳು. ತಾನು ಹುಟ್ಟಿದ್ದು ಬೇರೆ ಊರಲ್ಲಿ ಎಂದು ಸಿಂಚನಾ ಹೇಳಿದಾಗ, ಅದಕ್ಕೇ ತಲೆ ಒಂದು ಕಡೆ ಚಪ್ಪಟೆ ಎಂದು ಷರಾ ಬರೆದು ಒಳಗೆ ಹೋದಳು.

ಬಚ್ಚಲುಮನೆಯಲ್ಲಿ ನಲ್ಲಿಯ ಕೆಳಗೆ ದೊಡ್ಡ ತಾಮ್ರದ ಹಂಡೆ. ಅದರಾಚೆ ನಾಲ್ಕಡಿ ದೂರದಲ್ಲಿ ಮಣೆಯ ಮೇಲೆ, ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಹಚ್ಚಿಸಿಕೊಂಡು, ಹಳೆಯ ಸೀರೆ ಸುತ್ತಿಕೊಂಡ ಧೃತಿ. ಸಿಂಚನಾ ಮೂಲೆಯಲ್ಲಿ ನಿಂತು, ಕಾವಲಿನ ಅಂಕ ತೋರಿಸುವ ಮೀಟರನ್ನು ಕೈಯಲ್ಲಿ ಹಿಡಿದಳು. ತೊಂಬತ್ತು ಮುಟ್ಟಿದ ಕೂಡಲೇ ತಾನೇ ನಲ್ಲಿ ನಿಲ್ಲಿಸಬೇಕು, ನೂರಾಗಲು ಬಿಡಬಾರದು ಎಂದು ನಿಶ್ಚಯಿಸಿಕೊಂಡಿದ್ದಳು. ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದಳು. ಹಬೆಯಾಡುವ ನೀರು ಹಂಡೆಗೆ ಬಿತ್ತು. ಮೀಟರು ಸೊನ್ನೆಯಲ್ಲೇ ಇತ್ತು.

ಸಿದ್ದಗಂಗಮ್ಮ ಬಗ್ಗಿ ಹಂಡೆಯೊಳಗೆ ಬಲಗೈ ಅದ್ದಿದಳು. ಮೀಟರು ಇಪ್ಪತ್ತಕ್ಕೆ ಹಾರಿತು. ನಲವತ್ತು. ಎಪ್ಪತ್ತು. ಧೃತಿ ಮಣೆಯ ಮೇಲೆ ಆರಾಮವಾಗಿ ಕೂತು ಆಕಳಿಸುತ್ತಿದ್ದಳು. ಎಂಬತ್ತೆಂಟು. ಸಿಂಚನಾ ಗಡಬಡಿಸಿ ನಲ್ಲಿ ನಿಲ್ಲಿಸಿದಳು.

ಆಗ ಅವಳಿಗೆ ಹೊಳೆಯಿತು. ಬಾಣಂತಿ ನೀರು ಮುಟ್ಟೇ ಇಲ್ಲ. ಇನ್ನು ಸ್ನಾನ ಶುರುವಾದರೂ ಅವಳ ಮೈಗೆ ನೀರು ಬೀಳುವುದು ಚೊಂಬಿನಿಂದ. ಹಂಡೆಯಿಂದ ಮೇಲೆತ್ತಿದ ಚೊಂಬಿಗೂ ನಲ್ಲಿಗೂ ನಡುವೆ ಗಾಳಿ. ಅಲ್ಲಿಗೆ ವಿದ್ಯುತ್ತಿನ ದಾರಿ ಕಡಿಯಿತು. ಧೃತಿಯ ಎದೆ ಹಾರಿ ಬಾಯಿಗೆ ಬಂದರೂ ಕಾವಲಿಗೆ ಗೊತ್ತಾಗುವಂತಿಲ್ಲ. ನಲ್ಲಿಯ ಧಾರೆಗೆ ತಗುಲಿದ್ದದ್ದು ಒಂದೇ ಒಂದು ಕೈ. ನಿಗಾ ಕೋಣೆಯಲ್ಲಿ ಕೂತವರೆಲ್ಲ ಷವರಿನ ಕೆಳಗೆ ನಿಂತು ಮೀಯುವವರು. ಹಂಡೆಯೊಂದಿದೆ, ಚೊಂಬೊಂದಿದೆ, ನೀರು ಹಾಕುವವಳೊಬ್ಬಳಿದ್ದಾಳೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ತನಗೂ ಹೊಳೆದಿರಲಿಲ್ಲ ಎಂದು ಸಿಂಚನಾ ನಾಚಿಕೊಂಡಳು.

ಸಿದ್ದಗಂಗಮ್ಮ ಅವಳ ಮುಖ ನೋಡಿದಳು, ಕೈಯಲ್ಲಿದ್ದ ಮೀಟರು ನೋಡಿದಳು. ಮುಖದ ಮೇಲಿನ ಮಂತ್ರಿಗಿರಿ ಇಳಿದುಹೋಯಿತು. ಹಂಡೆಯಿಂದ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕೈ ಮೊಣಕೈತನಕ ಕೆಂಪಾಗಿತ್ತು, ಅವಳಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ.

“ಅಜ್ಜಿ, ಕೈಗೆ ಬಿಸಿ ಗೊತ್ತಾಗುತ್ತಾ?” ಎಂದು ಸಿಂಚನಾ ಮೆಲ್ಲಗೆ ಕೇಳಿದಳು.

ಮುದುಕಿ ಕೆಂಪಾದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: “ಎರಡು ವರ್ಸ ಆಯ್ತು ಕಣವ್ವ. ಸಕ್ಕರೆ ಕಾಯ್ಲೆ ಬೆರಳನ್ನ ತಿಂದಾಕ್‌ಬಿಡ್ತು. ಬೆಂಕೀಗಿಟ್ರೂ ಅಷ್ಟೇಯ, ಬಾವೀಗಿಟ್ರೂ ಅಷ್ಟೇಯ. ಹಬೆ ನೋಡ್ತೀನಿ, ಬಾಣಂತಿ ಮಖ ನೋಡ್ತೀನಿ, ಮೈ ಕೆಂಪಾಯ್ತಾ ಅಂತ ನೋಡ್ತೀನಿ. ದೇವ್ರು ಇಲ್ಲೀಗಂಟ ಕಾಪಾಡವ್ನೆ. ಇಷ್ಟು ದಿನ ಸಿಕ್ಕಿದ್ದೆಲ್ಲ ಸೌದೆ ಒಲೆ ಮನೆ, ಈಗ ಅವೂ ಗೀಸರ್ ಆಗೋದ್ವು. ಆದ್ರೆ ದಿನಾ ಕೈ ಅದ್ದುವಾಗ ಜೀವ ಹೋಗ್ ಬತ್ತೈತೆ. ಈ ಕೂಸಿನ ಮೈಮೇಲೆ ಹುಯ್ಯೋ ನೀರು ಹೆಚ್ಚುಕಮ್ಮಿ ಆದ್ರೆ ಅಂತ.”

ಅಷ್ಟು ಹೇಳಿ ಅವಳು ಗೀಸರಿನ ಕಡೆ ತಿರುಗಿ, ಎದುರುಮನೆಯ ಚಾಡಿಕೋರಳನ್ನು ನೋಡುವಂತೆ ನೋಡಿದಳು.

“ಮೂವತ್ತು ವರ್ಸ ಸಂಸಾರ ಮಾಡಿದ್ರೂ ನನ್ ಎದೇಲಿ ಏನೈತೆ ಅಂತ ನನ್ ಗಂಡಂಗೆ ಗೊತ್ತಾಗ್ಲಿಲ್ಲ. ಇದಕ್ಕೆ ಆರೇ ದಿನಕ್ಕೆ ಗೊತ್ತಾಗೋಯ್ತು ನೋಡು.”

ಸಿಂಚನಾಳಿಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಚೀಲದಲ್ಲಿದ್ದ ಫಾರಂ ನೆನಪಾಯಿತು. ಯಂತ್ರದ ದೋಷ ಎಂದು ಬರೆದರೆ ಅದು ಸುಳ್ಳು. ಇನ್ನೊಂದು ಗೀಸರ್ ತಂದು ಕೂರಿಸುತ್ತಾರೆ, ನಾಳೆ ಅದೂ ನಿಲ್ಲುತ್ತದೆ. ಷಡಕ್ಷರಪ್ಪನವರ ವೈರು ಸೇರಿಸಿದರೆ ಯಾವತ್ತೋ ಒಂದು ದಿನ ಆ ಮಗು ಸುಟ್ಟುಕೊಳ್ಳುತ್ತದೆ. ಹೆದರಿದವರ ಹೆಸರು ಬರೆದರೆ, ಏಳನೆಯ ಸಲಕ್ಕೂ ಕಾಯದೆ, ಸಿದ್ದಗಂಗಮ್ಮನ ಕೈಗೆ ಗುರುತು ಬೀಳುತ್ತದೆ. ನಾಳೆಯಿಂದ ಊರಿನ ಯಾವ ಬಚ್ಚಲಿನಲ್ಲೂ ಅವಳಿಗೆ ಬಿಸಿನೀರಿಲ್ಲ, ಅಂದರೆ ಕೆಲಸವಿಲ್ಲ. ಒಂಬತ್ತು ವರ್ಷ ಪರದೆಯ ಮುಂದೆ ಕೂತು ಇಂಥ ಎಷ್ಟು ಕೈಗಳಿಗೆ ತಾನು ಕಣ್ಣು ಮುಚ್ಚಿಕೊಂಡು ಗುರುತು ಹಾಕಿದ್ದೇನೋ ಎಂದು ಅವಳು ಮನಸ್ಸಿನಲ್ಲೇ ಎಣಿಸತೊಡಗಿದಳು.

ಮಣೆಯ ಮೇಲಿಂದ ಧೃತಿ ಬಾಯಿ ಬಿಟ್ಟಳು.

“ಅಜ್ಜಿ, ನನಗೆ ಎರಡನೇ ದಿನವೇ ಗೊತ್ತಾಗಿತ್ತು. ಅಮ್ಮ ನೀರಿಗೆ ಕೈ ಅದ್ದಿದರೆ ನೀರು ನೋಡ್ತಾಳೆ. ನೀವು ನನ್ನ ಮುಖ ನೋಡ್ತಿದ್ರಿ.”

“ಮತ್ತೆ ಯಾಕವ್ವ ಸುಮ್ಕಿದ್ದೆ? ಎಲ್ರೂ ನಿನ್ನ ಪುಕ್ಕಲಿ ಅಂದ್ರಲ್ಲ.”

“ಅನ್ನಲಿ ಬಿಡಿ. ಬಾಣಂತಿ ಅಂತ ಬೈಗುಳವೂ ಬೆಚ್ಚಗೇ ಇರುತ್ತೆ,” ಎಂದಳು ಧೃತಿ. ಆಮೇಲೆ ಸ್ವರ ತಗ್ಗಿಸಿ, ಅಜ್ಜಿಯನ್ನು ಕಳಿಸಿಬಿಟ್ಟರೆ ತನ್ನ ಮಗುವಿಗೆ ಯಾರು ನೀರು ಹಾಕುತ್ತಾರೆ, ತನಗಂತೂ ಅದನ್ನು ಎತ್ತಿಕೊಳ್ಳಲೂ ಇನ್ನೂ ಭಯ ಎಂದಳು.

ಹೊರಗೆ ಇಂದುಮತಿ ಬಾಗಿಲು ಬಡಿದರು. ಎಣ್ಣೆ ಹಚ್ಚಿ ಮುಕ್ಕಾಲು ಗಂಟೆಯಾಯಿತು, ಶೀತವಾಗುತ್ತದೆ, ಏನಾಯಿತು ಎಂದು ಅವರ ಪ್ರಶ್ನೆ. ಸಿಂಚನಾ ಏನಾದರೊಂದು ನೆಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಿದ್ದಗಂಗಮ್ಮ ತಾನೇ ಹೋಗಿ ಚಿಲಕ ತೆಗೆದಳು. ಯಂತ್ರದ ಬಾಯಿಂದ ಊರಿಗೆ ತಿಳಿಯುವುದಕ್ಕಿಂತ ತನ್ನ ಬಾಯಿಂದ ತಿಳಿಯಲಿ ಎಂದು ಅವಳ ಮನಸ್ಸಿಗೆ ಬಂದಿರಬೇಕು. ಹೊಸಲಿನ ಮೇಲೆ ನಿಂತೇ ಇಂದುಮತಿಗೆ ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ತನ್ನ ಕೈ ಸತ್ತಿದೆ, ಮಗಳು ಹೆದರಿದ್ದಲ್ಲ, ಹೆದರಿದ್ದು ತಾನು, ಇನ್ನು ಬೇರೆಯವರನ್ನು ನೋಡಿಕೊಳ್ಳಿ ಎಂದಳು.

ಇಂದುಮತಿ ಆ ಕೆಂಪು ಕೈಯನ್ನೇ ನೋಡಿದರು. ಆ ಕೈಯ ಬಗ್ಗೆ ಊರೆಲ್ಲ ಕೊಂಡಾಡಿದವರು ಅವರು. ಆರು ದಿನ ತಮ್ಮ ಮಗಳನ್ನು ಆ ಕೈಗೆ ಒಪ್ಪಿಸಿದವರೂ ಅವರೇ. ಅವರಿಗೆ ಕೋಪ ಬಂತು, ಅದು ಮುಖದಲ್ಲಿ ಸ್ಪಷ್ಟವಾಗಿ ಕಂಡಿತು. ಸಿದ್ದಗಂಗಮ್ಮ ಬಾಗಿಲ ಮೂಲೆಯಲ್ಲಿದ್ದ ತನ್ನ ಚೀಲಕ್ಕೆ ಕೈ ಹಾಕಿದಳು. ಒಳಮನೆಯಲ್ಲಿ ಮಗು ಎದ್ದು ಅಳತೊಡಗಿತು. ಯಾರೂ ಏನೂ ಹೇಳುವ ಮೊದಲೇ ಮುದುಕಿ ಚೀಲ ಬಿಟ್ಟು ಅಳು ಬಂದ ದಿಕ್ಕಿಗೆ ಎರಡು ಹೆಜ್ಜೆ ಇಟ್ಟು, ಇನ್ನು ತನಗೆ ಆ ಅಧಿಕಾರವಿಲ್ಲ ಎಂದು ನೆನಪಾಗಿ ಅಲ್ಲೇ ನಿಂತಳು.

ಅದನ್ನು ನೋಡಿ ಇಂದುಮತಿಯ ಕೋಪ ಎಲ್ಲಿ ಹೋಯಿತೋ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಿಗೆ ಇಳಿದರು.

“ಹೇಗೆ ಹುಯ್ಯಬೇಕು, ಎಲ್ಲಿ ತಟ್ಟಬೇಕು ಅನ್ನೋದು ನಿಮ್ಮ ತಲೇಲಿದೆ, ಅದಕ್ಕೇನೂ ಸಕ್ಕರೆ ಕಾಯಿಲೆ ಬಂದಿಲ್ಲವಲ್ಲ,” ಎಂದರು. “ಬಿಸಿ ನಾನು ನೋಡಿ ಹೇಳ್ತೀನಿ. ಬನ್ನಿ.”

ಹೇಳುವುದೇನೋ ಹೇಳಿಬಿಟ್ಟರು. ಹಂಡೆಯ ಮುಂದೆ ಬಗ್ಗಿದವರು ಹಬೆಯನ್ನೇ ನೋಡುತ್ತ ತಡೆದರು. ಧೃತಿ ಹುಟ್ಟಿದಂದಿನಿಂದ ಬೇರೊಬ್ಬರ ಕೈ ನಂಬಿದವರು ಅವರು. ಮಗಳ ಹಸಿಮೈಗೆ ಎಷ್ಟು ಬಿಸಿ ಎಂದು ಈಗ ತಾವೇ ಹೇಳಬೇಕು. ಸಿಂಚನಾ ನಲ್ಲಿ ತಿರುಗಿಸಿದಳು. ಇಂದುಮತಿ ಕೈ ಅದ್ದಿದರು. ಮೀಟರು ಮೂವತ್ತು, ಐವತ್ತು, ಎಪ್ಪತ್ತೈದು ಎಂದು ಏರಿತು. ಸಿಂಚನಾಳ ಕೈ ನಲ್ಲಿಯ ಮೇಲೆಯೇ ಇತ್ತು. ಒಂದು ಹೆದರಿಕೆ ಹೋಗಿ ಇನ್ನೊಂದು ಹೆದರಿಕೆ ಬಂದರೆ ಲಾಭವೇನು ಬಂತು ಎಂದು ಅವಳಿಗೆ ಅಳು ಬರುವಂತಾಯಿತು.

“ಬಾಣಂತಿಯಾಗಿದ್ದಾಗ್ಲೂ ಹಿಂಗೇ ಹೆದರ್ತಿದ್ದೆ ನೀನು,” ಎಂದು ಸಿದ್ದಗಂಗಮ್ಮ ಹಿಂದಿನಿಂದ ಗದರಿದಳು. ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತನ್ನ ಕೈಯನ್ನೂ ಹಂಡೆಯೊಳಗೆ ಇಳಿಸಿ, ಇಂದುಮತಿಯ ಕೈಯನ್ನು ನೀರಿನೊಳಗೇ ಹಿಡಿದುಕೊಂಡಳು. “ಉಸ್ರು ಬಿಡು. ನೀರಿನ ಮೇಲೆ ಅಲ್ಲ, ಒಳ್ಗೆ ನೋಡು. ನಿಧಾನಕ್ಕೆ ಕೈ ಆಡ್ಸು. ನಾನಿಲ್ವಾ.”

ಮೀಟರು ಎಂಬತ್ತರ ಹತ್ತಿರ ತೂಗಾಡಿತು. ಎರಡು ನಾಡಿ ಕೂಡಿ ಬರುತ್ತಿದ್ದವು, ಒಂದು ಸಮನಾಗಿ, ಒಂದು ತಪ್ಪಿ ತಪ್ಪಿ. ಆಮೇಲೆ ಎಪ್ಪತ್ತು. ಐವತ್ತು. ಇಪ್ಪತ್ತೆರಡು. ಎರಡು ವರ್ಷದಲ್ಲಿ ಮೊದಲ ಸಲ ಆ ಮುದುಕಿ ಊಹೆ ಮಾಡಬೇಕಾಗಿರಲಿಲ್ಲ. ಅದಕ್ಕೇ ಅವಳ ಎದೆ ಇಳಿದಿದೆ ಎಂದು ಸಿಂಚನಾಳಿಗೆ ತಿಳಿಯಿತು. ಅವಳು ನಲ್ಲಿಯಿಂದ ಕೈ ತೆಗೆದಳು. ನೀರು ನಿಲ್ಲಲಿಲ್ಲ. ಫಾರಂ ತೆಗೆದು ಎರಡು ಕಲಮಿಗೂ ಅಡ್ಡಗೀಟು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ, ಯಂತ್ರ ಸರಿಯಿದೆ, ಮನುಷ್ಯರೂ ಸರಿಯಿದ್ದಾರೆ ಎಂದು ಬರೆದಳು. ಮರುಳಸಿದ್ದಯ್ಯನವರು ಏನು ಬೇಕಾದರೂ ಅನ್ನಲಿ.

ಹಂಡೆ ತುಂಬಿತು. ಧೃತಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಸಿದ್ದಗಂಗಮ್ಮ ಚೊಂಬು ಮುಳುಗಿಸಿ ಎತ್ತಿದಳು, ಹುಯ್ಯುವ ಮುನ್ನ ಕೈ ತಡೆದಳು.

“ಹೆಂಗೈತೆ ಹೇಳು,” ಎಂದಳು.

ಇಂದುಮತಿ ನೀರಿನೊಳಗೆ ಇನ್ನೊಮ್ಮೆ ಕೈ ಆಡಿಸಿ, ತಮ್ಮ ಮಾತನ್ನು ತಾವೇ ಒಂದು ಕ್ಷಣ ತೂಗಿ ನೋಡಿ, ಹದವಾಗಿದೆ ಎಂದರು.

ಸಿದ್ದಗಂಗಮ್ಮ ಗಂಭೀರವಾಗಿ ತಲೆಯಾಡಿಸಿದಳು.

“ನಂಗೂ ಹಂಗೇ ಅನ್ಸಿತ್ತು,” ಎಂದು ಚೊಂಬು ಬಗ್ಗಿಸಿದಳು.